ಕತ್ತಿಯ ಹದಿನಾಲ್ಕು ಎಲೆಗಳು

ನಿವೃತ್ತ ಇತಿಹಾಸ ಶಿಕ್ಷಕನೊಬ್ಬನ ಮೇಜಿನ ಮೇಲೆ ಟ್ಯಾರೋ ಎಲೆಗಳ ಕಟ್ಟೊಂದು ಕಂಡರೆ ಬಂದವರಿಗೆ ಆಶ್ಚರ್ಯವಾಗುವುದು ಸಹಜ. ಕಳೆದ ವರ್ಷ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಗಳಲ್ಲೊಬ್ಬರು ಅದನ್ನು ಕೈಗೆತ್ತಿಕೊಂಡು, "ಸಾರ್, ನೀವೂ ಶುರುಮಾಡಿದಿರಾ?" ಎಂದು ಕೇಳಿಯೇಬಿಟ್ಟರು. ಗ್ರಹಣದ ದಿನ ಅವರನ್ನೆಲ್ಲ ಶಾಲೆಯ ಅಂಗಳದಲ್ಲಿ ಕೂರಿಸಿ ಕಡಲೆಪುರಿ ತಿನ್ನಿಸಿದವನು ನಾನು. ಆದ್ದರಿಂದ ಆ ಪ್ರಶ್ನೆಯಲ್ಲಿ ಸಣ್ಣದೊಂದು ಆಕ್ಷೇಪಣೆಯೂ ಇತ್ತು. ಉತ್ತರವು ಕಾಫಿಯ ಲೋಟ ಬರಿದಾಗುವುದರೊಳಗೆ ಹೇಳಿ ಮುಗಿಸುವಂಥದಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಂಗಿಯ ಮಗಳ ವಿಷಯ ಬರುತ್ತದೆ. ಆಕೆಗೆ ಓದಿಸಿ, ಒಪ್ಪಿಗೆ ಪಡೆದೇ ಪ್ರಕಟಿಸುತ್ತಿದ್ದೇನೆ. ಎರಡು ವಾಕ್ಯಗಳನ್ನು ಆಕೆ ಹೊಡೆದುಹಾಕಿದಳು, ಅವು ಇಲ್ಲಿಲ್ಲ.

2021ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಆಕೆಯ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ಬಯಾಪ್ಸಿ ಮಾಡಿಸಲೇಬೇಕೆಂದು ವೈದ್ಯರು ಹೇಳಿದರು. ಹೆದರಿದ ಹುಡುಗಿ ಗೆಳತಿಯೊಬ್ಬಳ ಮಾತು ಕೇಳಿ, ಫೋನಿನಲ್ಲೇ ಎಲೆ ತೆಗೆದು ಭವಿಷ್ಯ ಹೇಳುವವರೊಬ್ಬರನ್ನು ವಿಚಾರಿಸಿದಳು. ಮೂರು ಎಲೆಗಳು ಬಂದವಂತೆ: ಕತ್ತಿಯ ಮೂರು, ಕತ್ತಿಯ ಒಂಬತ್ತು, ಕತ್ತಿಯ ಹತ್ತು. "ಮೂರೂ ಕತ್ತಿಯೇ ಬಂದಿವೆ, ಈಗ ಮೈಗೆ ಲೋಹ ತಾಗಬಾರದು, ಒಂದೂವರೆ ತಿಂಗಳು ತಡೆದು ಮತ್ತೆ ಕೇಳಿ" ಎಂಬ ಸಲಹೆ ದೊರೆಯಿತು. ಜೊತೆಗೆ ದಿಂಬಿನ ಕೆಳಗಿಡಲು ನಾಲ್ಕು ಬಣ್ಣದ ಕಲ್ಲುಗಳು. ಅವುಗಳ ಬೆಲೆಯನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಕೆ ಬಯಾಪ್ಸಿಯ ದಿನಾಂಕವನ್ನು ಮುಂದೆ ಹಾಕಿದಳು. ಗಂಡ ಬೈದ, ತಾಯಿ ಅತ್ತಳು, ಆಕೆ ಕೋಣೆಯ ಬಾಗಿಲು ಹಾಕಿಕೊಂಡಳು. ಆರನೆಯ ವಾರ ತಂಗಿ ನನಗೆ ಫೋನು ಮಾಡಿ, "ಅಣ್ಣಾ, ನಿನ್ನ ಮಾತಾದರೂ ಕೇಳುತ್ತಾಳೇನೋ ನೋಡು" ಎಂದಳು.

ಬಿ.ಎಡ್. ತರಗತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಸೂತ್ರಗಳಲ್ಲಿ ಬಹುಪಾಲು ನಾನು ಬಳಸಿದ್ದೇ ಇಲ್ಲ. ಒಂದು ಮಾತ್ರ ಸೇವಾವಧಿಯುದ್ದಕ್ಕೂ ಉಪಯೋಗಕ್ಕೆ ಬಂದಿತು: ತಿಳಿದುದರಿಂದ ತಿಳಿಯದುದರೆಡೆಗೆ ಹೋಗು. ತಪ್ಪು ತಿಳಿದುಕೊಂಡ ಮಗುವಿನ ಹಲಗೆಯನ್ನು ನೀವು ಒರೆಸಿಹಾಕಬಹುದು, ಮನಸ್ಸಿನಲ್ಲಿರುವುದು ಒರೆಸಿಹೋಗುವುದಿಲ್ಲ. ಆಕೆಯ ಮನಸ್ಸಿನಲ್ಲಿ ಆಗ ಇದ್ದುದು ಮೂರು ಚಿತ್ರಗಳು. ಅವುಗಳನ್ನು ನೋಡದೆಯೇ "ಎಲ್ಲಾ ಸುಳ್ಳು" ಎಂದರೆ ಆಕೆಯ ಗಂಡ ಹೇಳಿದ್ದನ್ನೇ ನಾನೂ ಹೇಳಿದಂತಾಗುತ್ತಿತ್ತು. ಹಾಗಾಗಿ ಒಂದು ಕಟ್ಟು ಎಲೆಗಳನ್ನು ತರಿಸಿದೆ. ಮೂರನೆಯ ದಿನ ಬಂತು. ಅಷ್ಟರಲ್ಲಿ ಅವುಗಳ ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದ್ದೆ.

ಓದುತ್ತಾ ಹೋದಂತೆ ಮೊದಲಿಗೆ ಕಂಡ ಸಂಗತಿ ಇದು: ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳುವುದಕ್ಕಲ್ಲ, ಆಟಕ್ಕೆ. ಎಲೆಗಳ ಆಟ ಯೂರೋಪಿಗೆ ಹೋದದ್ದು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ಮುಸ್ಲಿಂ ನಾಡುಗಳಿಂದ. 1377ರಲ್ಲೇ ಫ್ಲಾರೆನ್ಸ್ ನಗರವು ಇದನ್ನು ನಿರ್ಬಂಧಿಸಿದ ದಾಖಲೆಯಿದೆ. ಈಜಿಪ್ಟಿನ ಮಾಮಲೂಕರ ಕಾಲದ ಎಲೆಗಳ ಕಟ್ಟೊಂದು ಇಸ್ತಾಂಬೂಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದುಬಂದಿದೆ. ಅದರಲ್ಲಿ ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಆಟದ ಕೋಲು ಎಂಬ ನಾಲ್ಕು ಬಣಗಳಿವೆ. ಪೋಲೋ ಗೊತ್ತಿರದ ಇಟಲಿಯವರು ಕೋಲನ್ನು ದೊಣ್ಣೆಯಾಗಿಸಿಕೊಂಡರು, ಕತ್ತಿಯನ್ನು ಕತ್ತಿಯಾಗಿಯೇ ಉಳಿಸಿಕೊಂಡರು. 1440ರ ಸುಮಾರಿಗೆ ಉತ್ತರ ಇಟಲಿಯವರು ಈ ನಾಲ್ಕು ಬಣಗಳ 56 ಎಲೆಗಳಿಗೆ 22 ಚಿತ್ರದೆಲೆಗಳನ್ನು ಸೇರಿಸಿ 78 ಎಲೆಗಳ ಆಟ ಕಟ್ಟಿದರು. ಅದೇ ಟ್ಯಾರೋ.

ಮುಂದೆ ಮೂರು ಶತಮಾನಕ್ಕೂ ಮಿಕ್ಕಿ ಜನ ಅದನ್ನು ಆಡಿದರು, ಗೆದ್ದರು, ಸೋತರು, ಜಗಳವಾಡಿದರು. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲೆನ್ ಎಂಬ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ರಹಸ್ಯ ಗ್ರಂಥವೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ; ಅಂದರೆ ಆ ಲಿಪಿಯ ಒಂದಕ್ಷರವನ್ನೂ ಯಾರೂ ಓದಲಾರದ ಕಾಲದಲ್ಲಿ ಈ ಘೋಷಣೆ ಹೊರಬಿತ್ತು. ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂದು ನನ್ನ ವಿದ್ಯಾರ್ಥಿಗಳು ಬಲ್ಲರು. ಆದರೆ ಅಲ್ಲಿಂದಾಚೆಗೆ ಎಲೆ ನೋಡಿ ಭವಿಷ್ಯ ಹೇಳುವುದು ಒಂದು ವೃತ್ತಿಯಾಯಿತು. ಈ ಇಡೀ ಚರಿತ್ರೆಯನ್ನು ಬಿಡಿಸಿಟ್ಟವರು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್. 1980ರಲ್ಲಿ ಟ್ಯಾರೋ ಆಟದ ಮೇಲೆ ದಪ್ಪನೆಯ ಗ್ರಂಥವನ್ನೇ ಬರೆದರು. ತರ್ಕಶಾಸ್ತ್ರದಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದವರು ಇಸ್ಪೀಟಿಗೆ ಇಷ್ಟು ಶ್ರಮ ಪಟ್ಟರೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಇಸ್ಪೀಟು ಎಂದೆನಲ್ಲ, ನಮ್ಮ ಈ ಪದದೊಳಗೂ ಒಂದು ಕತ್ತಿ ಅಡಗಿದೆ. ಅದು ಇಂಗ್ಲಿಷಿನ ಸ್ಪೇಡಿನಿಂದ ಬಂದಿರಲಿ, ಪೋರ್ಚುಗೀಸರ ಎಸ್ಪಾದದಿಂದ ಬಂದಿರಲಿ, ಹಿಂದೆ ಹೋದರೆ ಸಿಗುವುದು ಕತ್ತಿಯೇ. ಗುದ್ದಲಿಗೂ ಆ ಎಲೆಗೂ ಸಂಬಂಧವಿಲ್ಲ. ಮೊಗಲರ ಗಂಜೀಫಾದ ಎಂಟು ಬಣಗಳಲ್ಲಿಯೂ ಶಂಶೇರ್, ಅಂದರೆ ಕತ್ತಿ, ಒಂದು. 1527ರಲ್ಲಿ ಬಾಬರನು ಸಿಂಧಿನ ದೊರೆಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇದೇ ಗಂಜೀಫಾವನ್ನು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದೇವತಾ ಚಿತ್ರಗಳಿಂದ ತುಂಬಿ, ನೂರಾರು ಎಲೆಗಳ ಆಟಗಳನ್ನಾಗಿ ಬೆಳೆಸಿದರು. ಅವರ ಅರಮನೆಯಲ್ಲಿ ಎಲೆಯೆಂದರೆ ಆಟ. ಅದನ್ನು ನೋಡಿ ಯಾರೂ ವೈದ್ಯರ ಬಳಿ ಹೋಗುವುದನ್ನು ಬಿಡಲಿಲ್ಲ.

ಇರಲಿ. ತಂಗಿಯ ಮಗಳನ್ನು ಹೆದರಿಸಿದ ಚಿತ್ರಗಳು ಬಹಳ ಹಳೆಯವಲ್ಲ. ಅವು 1909ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ರೈಡರ್ ಎಂಬ ಪ್ರಕಾಶನ ಸಂಸ್ಥೆ ಹೊರತಂದ ಈ ಕಟ್ಟಿನ ಯೋಜನೆ ಎ. ಇ. ವೇಟ್ ಎಂಬವರದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆಯವು. ಅದಕ್ಕೆ ಮೊದಲು ಸಾಮಾನ್ಯವಾಗಿ ಕತ್ತಿಯ ಒಂಬತ್ತೆಂದರೆ ಒಂಬತ್ತು ಕತ್ತಿಗಳನ್ನು ಜೋಡಿಸಿದ ಅಲಂಕಾರ, ಅಷ್ಟೆ. ಪ್ರತಿ ಎಲೆಯಲ್ಲೂ ಮನುಷ್ಯರನ್ನಿಟ್ಟು ಕಥೆ ಹೇಳುವ ಪದ್ಧತಿಯನ್ನು ನೆಲೆಗೊಳಿಸಿದವಳು ಈಕೆ. ಇಟಲಿಯಲ್ಲಿ 1491ರ ಸುಮಾರಿಗೆ ಕೆತ್ತಿದ ಸೋಲಾ ಬುಸ್ಕಾ ಎಂಬ ಕಟ್ಟಿನಲ್ಲಿ ಮಾತ್ರ ಇಂಥ ಚಿತ್ರಗಳಿದ್ದವು. ಅವುಗಳ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದಿದ್ದವು. ಮೂರು ಕತ್ತಿಗಳು ಚುಚ್ಚಿದ ಹೃದಯದ ಚಿತ್ರ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಸ್ಮಿತ್‌ಗೆ ಆಗ ಮೂವತ್ತೊಂದು ವರ್ಷ. ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದವಳು, ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿತವಳು. ಕೆಲವೇ ತಿಂಗಳುಗಳಲ್ಲಿ ಇಡೀ ಕಟ್ಟನ್ನು ಬರೆದು ಮುಗಿಸಿದಳು. ಬಂದ ಹಣ ಅತ್ಯಲ್ಪವೆಂದು ಗೆಳೆಯರೊಬ್ಬರಿಗೆ ಪತ್ರದಲ್ಲಿ ತಿಳಿಸಿದಳು. 1951ರಲ್ಲಿ ಕಾರ್ನ್‌ವಾಲಿನ ಕಡಲತೀರದ ಊರೊಂದರಲ್ಲಿ ಬಡತನದಲ್ಲಿಯೇ ತೀರಿಕೊಂಡಳು. ಪ್ರತಿ ಎಲೆಯ ಮೂಲೆಯಲ್ಲಿ ಬಳ್ಳಿಯಂತೆ ಸುತ್ತಿಕೊಂಡ ಆಕೆಯ ಸಹಿಯಿದೆ. ಲಕ್ಷಾಂತರ ಜನರ ಕೈಯಲ್ಲಿ ಓಡಾಡುವ ಸಹಿ. ಕಟ್ಟಿನ ಹೆಸರಿನಲ್ಲಿ ಮಾತ್ರ ಬಹುಕಾಲ ಪ್ರಕಾಶಕನೂ ವೇಟನೂ ಇದ್ದರು, ಆಕೆ ಇರಲಿಲ್ಲ.

ಈ ಪದ್ಧತಿಯಲ್ಲಿ ನಾಲ್ಕು ಬಣಗಳಿಗೆ ನಾಲ್ಕು ಭೂತಗಳು. ದಂಡಕ್ಕೆ ಅಗ್ನಿ, ಬಟ್ಟಲಿಗೆ ನೀರು, ನಾಣ್ಯಕ್ಕೆ ಪೃಥ್ವಿ, ಕತ್ತಿಗೆ ವಾಯು. ಕತ್ತಿಯೆಂದರೆ ಬುದ್ಧಿ, ಮಾತು, ವಿಚಾರ. ಸೀಳಿ ನೋಡುವ ಶಕ್ತಿ. ಹಾಗಿದ್ದೂ ಈ ಬಣದ ತುಂಬ ದುಃಖವೇ. ವೇಟನೂ ಸ್ಮಿತ್‌ಳೂ ಸದಸ್ಯರಾಗಿದ್ದ, 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘದವರು ಪ್ರತಿ ಎಲೆಗೂ ಒಂದೊಂದು ಬಿರುದು ಕೊಟ್ಟಿದ್ದರು. ಕತ್ತಿಯ ಮೂರಕ್ಕೆ ಶೋಕ, ಐದಕ್ಕೆ ಸೋಲು, ಒಂಬತ್ತಕ್ಕೆ ಹತಾಶೆ ಮತ್ತು ಕ್ರೌರ್ಯ, ಹತ್ತಕ್ಕೆ ವಿನಾಶ. ಆದರೆ ಎರಡಕ್ಕೆ ಮರಳಿದ ಶಾಂತಿಯೆಂದೂ, ನಾಲ್ಕಕ್ಕೆ ಕಲಹದಿಂದ ವಿಶ್ರಾಂತಿಯೆಂದೂ, ಆರಕ್ಕೆ ಗಳಿಸಿದ ಯಶಸ್ಸೆಂದೂ ಹೆಸರು. ಹೆದರಿಸುವವರು ಈ ಎರಡನೆಯ ಪಟ್ಟಿಯನ್ನು ಓದಿದಂತೆ ಕಾಣುವುದಿಲ್ಲ.

ಒಂದು ಭಾನುವಾರ ಬೆಂಗಳೂರಿಗೆ ಹೋಗಿ, ಊಟದ ಮೇಜಿನ ಮೇಲೆ ಕತ್ತಿಯ ಹದಿನಾಲ್ಕು ಎಲೆಗಳನ್ನು ಸಾಲಾಗಿ ಹರಡಿದೆ. ಆಕೆ ಬೆಚ್ಚಿದಳು. "ಇವುಗಳಲ್ಲಿ ನೀನು ನೋಡಿದ್ದು ಮೂರು. ಉಳಿದ ಹನ್ನೊಂದನ್ನೂ ನೋಡು" ಎಂದೆ. ಅರ್ಥ ಹೇಳಲಿಲ್ಲ. ಐದನೆಯ ತರಗತಿಯ ಚಿತ್ರಪಾಠದಲ್ಲಿ ಕೇಳುವಂತೆ, ಏನು ಕಾಣುತ್ತದೆ ಎಂದಷ್ಟೇ ಕೇಳಿದೆ.

ಮೊದಲನೆಯದರಲ್ಲಿ ಮೋಡದಿಂದ ಹೊರಬಂದ ಕೈ, ನೆಟ್ಟಗೆ ನಿಂತ ಕತ್ತಿ, ಅದರ ತುದಿಯಲ್ಲಿ ಕಿರೀಟ. ಎರಡರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು; ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿಟ್ಟು ಎರಡು ಕತ್ತಿಗಳನ್ನು ಎತ್ತಿ ಹಿಡಿದು ಕುಳಿತಿದ್ದಾಳೆ. ಹಿಂದೆ ಸಮುದ್ರ, ಬಂಡೆಗಳು, ಎಳೆಯ ಚಂದ್ರ. ಎರಡು ನಿರ್ಧಾರಗಳ ನಡುವೆ ಸಿಲುಕಿ, ಯಾವುದನ್ನೂ ನೋಡಲೊಲ್ಲದವಳು ಎಂಬುದು ಇಂದು ಬಹುಮಂದಿ ಹೇಳುವ ಅರ್ಥ. ನಾನು ಬಾಯಿ ತೆರೆಯುವ ಮೊದಲೇ ಆಕೆ ಆ ಎಲೆಯನ್ನು ಮಗುಚಿ ಹಾಕಿದಳು. ನಾನೂ ಎತ್ತಲಿಲ್ಲ.

ಮೂರನೆಯದನ್ನು ಇಬ್ಬರೂ ಬೇಗ ದಾಟಿದೆವು. ಮಳೆ, ಮೋಡ, ಕೆಂಪು ಹೃದಯ, ಮೂರು ಕತ್ತಿ. ಆ ಹುಡುಗಿಯ ಎದೆಯಲ್ಲೇ ಗಂಟಿರುವಾಗ ಇದನ್ನು ತೋರಿಸಿ ಹೆದರಿಸಿದವರ ಬಗ್ಗೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ನಾಲ್ಕು ಬೇರೆಯೇ ಬಗೆಯದು: ಕಲ್ಲಿನ ಸಮಾಧಿಯ ಮೇಲೆ ಕೈಮುಗಿದು ಮಲಗಿದ ಯೋಧ, ಮೇಲೆ ಬಣ್ಣದ ಗಾಜಿನ ಕಿಟಕಿ. ಸಮಾಧಿಯೆಂದ ಕೂಡಲೇ ಸಾವೆಂದುಕೊಳ್ಳಬೇಕಾಗಿಲ್ಲ. ವೇಟ್ ಇದಕ್ಕೆ ಕೊಡುವ ಅರ್ಥಗಳಲ್ಲಿ ಏಕಾಂತ, ವಿಶ್ರಾಂತಿ ಮೊದಲಾದವು ಸೇರಿವೆ. ಕಾಯಿಲೆಯಿಂದೆದ್ದವರ ಎಲೆಯೆಂದು ಈಗಿನವರು ಓದುತ್ತಾರೆ. ಐದರಲ್ಲಿ ಗೆದ್ದವನೊಬ್ಬ ಹಲ್ಲು ಕಿರಿಯುತ್ತಾ ಕತ್ತಿಗಳನ್ನು ಬಾಚಿಕೊಳ್ಳುತ್ತಾನೆ, ಸೋತವರಿಬ್ಬರು ಬೆನ್ನು ತಿರುಗಿಸಿ ನಡೆಯುತ್ತಾರೆ. ಏಳರಲ್ಲಿ ಡೇರೆಗಳ ಕಡೆಯಿಂದ ಐದು ಕತ್ತಿ ಕದ್ದು ತುದಿಗಾಲಲ್ಲಿ ಓಡುವ ಕಳ್ಳ. ಎರಡನ್ನು ಬಿಟ್ಟೇ ಹೋಗಿದ್ದಾನೆ. ಇವೆರಡರ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಇಲ್ಲ. ಪ್ರತಿ ತರಗತಿಯಲ್ಲೂ ಇಂಥವರು ಇಬ್ಬರಿರುತ್ತಾರೆ.

ಎಂಟರಲ್ಲಿ ಹೆಂಗಸೊಬ್ಬಳನ್ನು ಕಟ್ಟಿಹಾಕಿ, ಕಣ್ಣಿಗೆ ಬಟ್ಟೆ ಬಿಗಿದಿದ್ದಾರೆ. ಸುತ್ತ ಎಂಟು ಕತ್ತಿಗಳು ನೆಲಕ್ಕೆ ನೆಟ್ಟಿವೆ. "ಕಾಲು ನೋಡು" ಎಂದೆ. ಕಾಲು ಕಟ್ಟಿಲ್ಲ. ಎದುರಿನ ದಾರಿಯಲ್ಲೂ ಕತ್ತಿಯಿಲ್ಲ. ಇದು ಬಿಡಿಸಲಾಗದ ಬಂಧನವಲ್ಲ, ತಾತ್ಕಾಲಿಕವೆಂದು ವೇಟನೇ ಬರೆದಿದ್ದಾನೆ. ಆಕೆ ನನ್ನ ಮುಖ ನೋಡಿ, "ಮಾವ, ನೀವು ಪಾಠ ಮಾಡ್ತಾ ಇದ್ದೀರಿ" ಎಂದಳು. ಹೌದೆಂದೆ. ಬೇರೆ ಕೆಲಸ ನನಗೆ ಬಾರದು.

ಆಮೇಲೆ ಒಂಬತ್ತು. ಇದೇ ಆಕೆಯನ್ನು ರಾತ್ರಿಯೆಲ್ಲಾ ಎಚ್ಚರವಾಗಿಟ್ಟಿದ್ದ ಎಲೆ. ಕಗ್ಗತ್ತಲು, ಹಾಸಿಗೆಯ ಮೇಲೆ ಎದ್ದು ಕುಳಿತು ಮುಖ ಮುಚ್ಚಿಕೊಂಡ ಒಬ್ಬಾಕೆ, ಹಿಂದೆ ಒಂದರ ಮೇಲೊಂದು ಒಂಬತ್ತು ಕತ್ತಿಗಳು. ಆ ಕತ್ತಿಗಳು ಯಾವುವೂ ಆಕೆಯನ್ನು ಚುಚ್ಚಿಲ್ಲ, ಅವು ಕತ್ತಲಲ್ಲಿ ತೂಗುತ್ತಿವೆ ಅಷ್ಟೇ ಎಂಬುದನ್ನು ತೋರಿಸಬೇಕೆಂದು ನಾನು ಸಿದ್ಧನಾಗಿ ಬಂದಿದ್ದೆ. ಆಕೆ ಅದನ್ನು ಗಮನಿಸಲೇ ಇಲ್ಲ. ಬೆರಳಿಟ್ಟಿದ್ದು ಹೊದಿಕೆಯ ಮೇಲೆ. ಚೌಕಚೌಕವಾಗಿ ಗುಲಾಬಿ ಹೂವುಗಳೂ ರಾಶಿಚಿಹ್ನೆಗಳೂ ಇರುವ ಹೊದಿಕೆ ಅದು. "ಈ ಕೌದಿ ಯಾರೋ ಕೂತು ಹೊಲಿದಿದ್ದಾರೆ" ಎಂದಳು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಆಕೆಯ ಅಜ್ಜಿ, ಅಂದರೆ ನಮ್ಮ ತಾಯಿ, ಹಳೆಯ ಸೀರೆಗಳಿಂದ ಹೊಲಿದ ಕೌದಿಯೊಂದು ಆ ಮನೆಯಲ್ಲಿ ಇನ್ನೂ ಇದೆ.

ಹತ್ತರಲ್ಲಿ ಬೋರಲು ಬಿದ್ದ ಮನುಷ್ಯನ ಬೆನ್ನಲ್ಲಿ ಹತ್ತು ಕತ್ತಿಗಳು. ನೋಡಲು ಭೀಕರವೇ. ಒಬ್ಬನನ್ನು ಕೊಲ್ಲಲು ಒಂದು ಸಾಲದೇ, ಹತ್ತೇಕೆ ಎಂದು ನಾನು ಕೇಳಿದಾಗ ಆಕೆಗೆ ನಗು ಬಂತು. ಇದು ಮುಖ್ಯವಾಗಿ ಘೋರ ಮರಣದ ಎಲೆಯಲ್ಲವೆಂದು ವೇಟ್ ಸ್ಪಷ್ಟವಾಗಿ ಬರೆದಿರುವುದನ್ನು ಓದಿ ಹೇಳಿದೆ. ಚಿತ್ರದ ಮೇಲ್ಭಾಗ ಕಪ್ಪಾಗಿದ್ದರೂ ಅಡಿಯಲ್ಲಿ ನೀರು ನಿಶ್ಚಲವಾಗಿದೆ, ದಿಗಂತದಲ್ಲಿ ಹಳದಿ ಬೆಳಕಿದೆ. ಫೋನಿನ ಆ ಕಡೆಯಿದ್ದವರು ಆ ಬೆಳಕನ್ನು ಹೇಳಿರಲಿಲ್ಲ.

ಕಿಂಕರ, ಕುದುರೆ ಸವಾರ, ರಾಣಿ, ರಾಜ ಎಂಬ ನಾಲ್ಕು ಆಸ್ಥಾನದ ಎಲೆಗಳಲ್ಲಿ ರಾಣಿಯ ಬಗ್ಗೆ ನನಗೊಂದು ತಕರಾರಿದೆ. ಕತ್ತಿಯ ರಾಣಿ ಪಕ್ಕಕ್ಕೆ ಮುಖ ಮಾಡಿ ಕುಳಿತು, ಬಲಗೈಯಲ್ಲಿ ಕತ್ತಿ ಎತ್ತಿ, ಎಡಗೈಯನ್ನು ಮುಂದೆ ಚಾಚಿದ್ದಾಳೆ. ಕಿರೀಟದಲ್ಲಿ ಚಿಟ್ಟೆಗಳು, ಆಕಾಶದಲ್ಲಿ ಒಂದೇ ಒಂದು ಹಕ್ಕಿ. ವೇಟನ ಪುಸ್ತಕ ಈಕೆಗೆ ಕೊಟ್ಟ ಅರ್ಥ ವೈಧವ್ಯ, ಹೆಣ್ಣಿನ ದುಃಖ, ಬಂಜೆತನ. ಕತ್ತಿ ಹಿಡಿದ ಗಂಡಸು ನ್ಯಾಯಾಧೀಶ, ಕತ್ತಿ ಹಿಡಿದ ಹೆಂಗಸು ವಿಧವೆ! ಇದು ನಮ್ಮಲ್ಲಿಗೇ ಸೀಮಿತವಾದ ಯೋಚನೆಯಲ್ಲವೆಂದು ತಿಳಿದು ಸಮಾಧಾನಪಡಬೇಕೋ ಬೇಸರಪಡಬೇಕೋ ತಿಳಿಯದು. ಇತ್ತೀಚೆಗೆ ಓದುವವರು ಆಕೆಯಲ್ಲಿ ಸ್ಪಷ್ಟ ಬುದ್ಧಿಯನ್ನೂ ನೇರ ಮಾತನ್ನೂ ಕಾಣುತ್ತಾರೆ. ನನ್ನ ತಂಗಿ ಮೂವತ್ತಾರಕ್ಕೆ ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರ ಇಟ್ಟುಕೊಂಡು ಈ ಮಗಳನ್ನು ಎಂಜಿನಿಯರ್ ಮಾಡಿದವಳು. ಮಗಳು ಎಲೆಯನ್ನು ಅಡುಗೆಮನೆಗೆ ಒಯ್ದು, "ಅಮ್ಮಾ, ಇದು ನೀನು" ಎಂದು ತೋರಿಸಿದಳು. ತಂಗಿ ಕೈ ಒರೆಸಿಕೊಂಡು ನೋಡಿ, "ಮೂಗು ನನ್ನದಲ್ಲ" ಎಂದಳು.

ನಾನು ಬಿಟ್ಟಿರುವ ಎಲೆ ಆರು. ಆಕೆ ಅದಕ್ಕೆ ತಾನಾಗಿಯೇ ಮರಳಿ ಬಂದಳು. ದೋಣಿಯಲ್ಲಿ ಮುಸುಕು ಹೊದ್ದ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ನಿಂತು ಗಳು ಹಾಕುವ ಅಂಬಿಗ. ಮುಂಭಾಗದಲ್ಲಿ ಆರು ಕತ್ತಿಗಳು ದೋಣಿಗೇ ನೆಟ್ಟಿವೆ. ಒಂದು ಮಗ್ಗುಲಲ್ಲಿ ನೀರು ಅಲೆಅಲೆಯಾಗಿದೆ, ಇನ್ನೊಂದು ಮಗ್ಗುಲಲ್ಲಿ ಶಾಂತ. ಕತ್ತಿಗಳನ್ನು ಯಾಕೆ ತೆಗೆದು ಎಸೆಯುವುದಿಲ್ಲವೆಂದು ಆಕೆ ಕೇಳಿದಳು. ತೆಗೆದರೆ ತೂತಾಗಿ ದೋಣಿಗೆ ನೀರು ನುಗ್ಗುತ್ತದೆಂದು ಕೆಲವರು ಹೇಳುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನ್ನು ಇಟ್ಟುಕೊಂಡೇ ಹೋಗಬೇಕು" ಎಂದಳು. ಮತ್ತೆ, "ಮಾವ, ಆಸ್ಪತ್ರೆಗೆ ನೀವು ಬರ್ತೀರಾ? ಇವರು ಬಂದರೆ ದಾರಿಯುದ್ದಕ್ಕೂ ಬೈತಾರೆ."

ಬುಧವಾರ ಹೋದೆವು. ಗಂಡನೂ ಬಂದಿದ್ದ, ಬೈಯಲಿಲ್ಲ. ಸೂಜಿಯ ಬಯಾಪ್ಸಿ ಅರ್ಧ ಗಂಟೆಯೊಳಗೆ ಮುಗಿಯಿತು. ಫಲಿತಾಂಶ ಬಂದಾಗ ಅದು ಕ್ಯಾನ್ಸರೇ ಆಗಿತ್ತು, ಚಿಕ್ಕದಿತ್ತು, ಹರಡಿರಲಿಲ್ಲ. ಆ ಏಳು ವಾರಗಳಿಂದ ಏನು ವ್ಯತ್ಯಾಸವಾಯಿತೆಂದು ವೈದ್ಯರನ್ನು ನಾವು ಯಾರೂ ಕೇಳಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ವಿಕಿರಣ ಚಿಕಿತ್ಸೆ ನಡೆದ ವಾರಗಳಲ್ಲಿ ನಾನೂ ನನ್ನಾಕೆಯೂ ಅಲ್ಲಿಯೇ ಉಳಿದೆವು. ಆಕೆ ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತಾಳೆ, ತಪಾಸಣೆಗೆ ಹೋಗುತ್ತಾಳೆ, ಕೆಲಸಕ್ಕೂ ಹೋಗುತ್ತಾಳೆ. ಎಲೆಗಳಲ್ಲಿ ಆಕೆಗೆ ನಂಬಿಕೆ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಆರರ ಎಲೆಯನ್ನು ಕೇಳಿದ್ದಳು. ಕಟ್ಟು ಒಡೆಯುತ್ತದೆಂದು ಕೊಡದೆ, ಇನ್ನೊಂದು ಕಟ್ಟು ತರಿಸಿಕೊಟ್ಟೆ.

ಏಕೆಂದರೆ ಆ ವಾರಗಳ ಸಂಜೆಗಳಲ್ಲಿ ಕಟ್ಟು ನಮಗೆ ಪೂರ್ತಿಯಾಗಿ ಬೇಕಾಗಿತ್ತು. ಫ್ರಾನ್ಸಿನಲ್ಲಿ ಇಂದಿಗೂ ಟ್ಯಾರೋ ಎಂದರೆ ಮನೆಮನೆಯಲ್ಲಿ ಆಡುವ ಆಟ. ಮೂವರಾದರೆ ತಲಾ 24 ಎಲೆ ಹಂಚಿ, ಆರನ್ನು ನಡುವೆ ಬೋರಲಿಡುತ್ತಾರೆ. ನಮ್ಮ ಇಪ್ಪತ್ತೆಂಟರಂತೆಯೇ ಪಟ್ಟು ಹಿಡಿಯುವ ಆಟ. 22 ಚಿತ್ರದೆಲೆಗಳಲ್ಲಿ ಮೂರ್ಖನೆಂಬ ಒಂದನ್ನು ಬಿಟ್ಟು ಉಳಿದವು ತುರುಫು. ಅಂತರ್ಜಾಲದಲ್ಲಿ ನಿಯಮ ನೋಡಿ ಕಲಿತುಕೊಂಡೆವು. ಇದರ ಒಂದು ವಿಶೇಷವನ್ನು ಆಕೆಗೆ ಹೇಳಿದಾಗ ಬಹಳ ಖುಷಿಪಟ್ಟಳು. ಹಳೆಯ ಇಟಲಿಯ ಪದ್ಧತಿಯಲ್ಲಿ ಬಟ್ಟಲು ಮತ್ತು ನಾಣ್ಯಗಳಲ್ಲಿ ಸಣ್ಣ ಸಂಖ್ಯೆಯೇ ದೊಡ್ಡದು, ಒಂದು ಹತ್ತನ್ನು ಹೊಡೆಯುತ್ತದೆ. ಕತ್ತಿಯಲ್ಲಿ ಮಾತ್ರ ಹಾಗಲ್ಲ, ದೊಣ್ಣೆಯಲ್ಲಿಯೂ ಹಾಗಲ್ಲ; ಅಲ್ಲಿ ಹತ್ತೇ ಎಲ್ಲ ಸಂಖ್ಯೆಗಳಿಗಿಂತ ಬಲಿಷ್ಠ. ಮೊಗಲರ ಗಂಜೀಫಾದಲ್ಲೂ ಹೀಗೆಯೇ: ಎಂಟರಲ್ಲಿ ನಾಲ್ಕು ಬಣಗಳಲ್ಲಿ ಹತ್ತು ದೊಡ್ಡದು, ಶಂಶೇರ್ ಅವುಗಳಲ್ಲಿ ಒಂದು. ಫೋನಿನಲ್ಲಿ ವಿನಾಶವೆಂದು ಹೆದರಿಸಿದ ಎಲೆ ಆಟದವರ ಕೈಯಲ್ಲಿ ಶತಮಾನಗಳಿಂದ ಒಳ್ಳೆಯ ಎಲೆಯೇ.

ಮೊದಲ ವಾರದ ಶನಿವಾರ ನಾನು ಕತ್ತಿಯ ಒಂಬತ್ತನ್ನು ಇಳಿಸಿದೆ. ಆಕೆ ಒಂದು ಕ್ಷಣವೂ ತಡೆಯದೆ ಹತ್ತನ್ನು ಮೇಜಿನ ಮೇಲೆ ಬಡಿದು, ನನ್ನ ಮುಖ ನೋಡಿದಳು. ಎಲೆ ಬಾಚಲು ಕೈ ಚಾಚಿದ್ದಳು ಕೂಡ. ಅಷ್ಟರಲ್ಲಿ, ಅದುವರೆಗೆ ನಿಯಮವೇ ಅರ್ಥವಾಗುತ್ತಿಲ್ಲವೆಂದು ಗೊಣಗುತ್ತಿದ್ದ ನನ್ನಾಕೆ, ಕನ್ನಡಕ ಸರಿಮಾಡಿಕೊಂಡು, ಕತ್ತಿಯ ರಾಣಿಯನ್ನು ಮೆಲ್ಲಗೆ ಇಳಿಸಿ ಮೂರನ್ನೂ ತನ್ನ ಕಡೆಗೆ ಎಳೆದುಕೊಂಡಳು.